ಮುಖದ ಚೂರು, ಮನುಷ್ಯ ಎಲ್ಲಿ?

ಫಿಲಂ ಕ್ಯಾಮೆರಾ ಕೊರಳಿಗೆ ಹಾಕ್ಕೊಂಡು ವೀಕೆಂಡಲ್ಲಿ ಓಲ್ಡ್ ಮದ್ರಾಸ್ ರೋಡ್ ಹಿಡಿಯೋರು ಈಗ ಜಾಸ್ತಿ. ಮುಳಬಾಗಿಲಲ್ಲಿ ದೋಸೆ, ಆಮೇಲೆ ಆಂಧ್ರದ ಗಡಿಯಲ್ಲಿರೋ ನಂಗಲಿ. ಅಲ್ಲಿ ಟೊಮ್ಯಾಟೊ ಬೆಳೆಯೋ ತಾತ ಒಬ್ಬರು ಸಿಕ್ಕರೆ ಅವರ ಕಣ್ಣಂಚು, ಕಿವಿ, ಗದ್ದದ ಬಿಳಿಗಡ್ಡ, ಎಲ್ಲದಕ್ಕೂ ಒಂದೊಂದು ಕ್ಲೋಸಪ್. ವಾಪಸ್ ಬಂದು ಜೋಡಿಸಿದರೆ 'ಅಮೂರ್ತ ಭಾವಚಿತ್ರ' ರೆಡಿ. ನೋಡೋಕೇನೋ ಚೆಂದ. ನನ್ನ ತಕರಾರು ಇಷ್ಟೇ: ಅದರಲ್ಲಿ ತಾತ ಇದ್ದಾರಾ, ಬರೀ ಸುಕ್ಕು ಇದೆಯಾ?

ಹಲವು ಫೋಟೋಗಳಿಂದ ಒಂದು ಮುಖ ಮಾಡಲು ಎರಡು ದಾರಿಗಳಿವೆ. ಮೊದಲನೆಯದು, ಒಂದರ ಮೇಲೊಂದು ಹೇರುವುದು. 1870ರ ದಶಕದ ಕೊನೆಯಲ್ಲಿ ಫ್ರಾನ್ಸಿಸ್ ಗಾಲ್ಟನ್ ಅನೇಕ ಅಪರಾಧಿಗಳ ಮುಖಗಳನ್ನು ಒಂದೇ ಪ್ಲೇಟಿನ ಮೇಲೆ ಮೂಡಿಸಿ 'ಅಪರಾಧಿಯ ಮುಖ' ಹುಡುಕಿದ. ಸಿಕ್ಕಿದ್ದು ಬಿಡಿ ಮುಖಗಳಿಗಿಂತ ಸೌಮ್ಯವಾದ, ಯಾರದ್ದೂ ಅಲ್ಲದ ಒಂದು ಮುಖ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಬ್ರಿಟಿಷರು ವಸಾಹತುಗಳ ಜನರನ್ನು ಚೌಕಳಿಯ ಮುಂದೆ ನಿಲ್ಲಿಸಿ ಅಳೆಯುತ್ತಿದ್ದರು. ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಅವರು ಕ್ಲೇರ್ ಆರ್ನಿ ಜೊತೆ ಮಾಡಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' (2000–2004) ಸರಣಿಯಲ್ಲಿ ತಾವೇ ಅಂಥ ಚೌಕಳಿಯ ಮುಂದೆ ನಿಂತು ಆ ನೋಟವನ್ನೇ ಅಣಕಿಸಿದ್ದಾರೆ.

ಎರಡನೆಯದು, ಪಕ್ಕಪಕ್ಕ ಇಡುವುದು. ಡೇವಿಡ್ ಹಾಕ್ನಿ 1982ರಲ್ಲಿ ಇಂಗ್ಲೆಂಡಿನ ಬೋಲ್ಟನ್ ಅಬ್ಬಿಯಲ್ಲಿ ಕೂತ ತನ್ನ ತಾಯಿಯನ್ನು ಚೂರುಚೂರಾಗಿ ಫೋಟೋ ತೆಗೆದು, ಪ್ರಿಂಟುಗಳನ್ನು ಅಂಟಿಸಿದ. ಅಂಚಿಗೆ ಅಂಚು ಸೇರಿಲ್ಲ; ಸೇರಿಸುವ ಹಟವೂ ಇಲ್ಲ. ಕೆಳಗೆ ಅವನದೇ ಶೂಗಳ ತುದಿ ಕಾಣುತ್ತೆ. ನೋಡುತ್ತಿರುವವನು ಬಚ್ಚಿಟ್ಟುಕೊಂಡಿಲ್ಲ.

ಕ್ಲೋಸಪ್ಪಿಗೆ ಈ ಪ್ರಾಮಾಣಿಕತೆ ಇನ್ನೂ ಹೆಚ್ಚು ಬೇಕು. ಸಾಮಾನ್ಯ 50 ಎಂಎಂ ಲೆನ್ಸ್ ಸುಮಾರು 45 ಸೆಂ.ಮೀ.ಗಿಂತ ಹತ್ತಿರ ಫೋಕಸ್ ಆಗಲ್ಲ. ಕಣ್ಣೊಂದೇ ಬೇಕಂದ್ರೆ ಎಕ್ಸ್‌ಟೆನ್ಷನ್ ಟ್ಯೂಬ್ ಹಾಕಬೇಕು. ಆಗ ರೆಪ್ಪೆ ಸ್ಪಷ್ಟವಾದರೆ ಕಿವಿ ಮಸುಕು. ತಾತ ಸ್ವಲ್ಪ ಅಲುಗಿದರೂ ಫೋಕಸ್ ಹೋಯ್ತು. ರೋಲಿನಲ್ಲಿರೋದು 36 ಫ್ರೇಮು. ಅಷ್ಟೂ ಹೊತ್ತು ಕೂತುಕೊಟ್ಟವರು ಅವರು. ಆ ಹೊತ್ತು ಚಿತ್ರದಲ್ಲಿ ಕಾಣಬೇಕು: ಒಂದು ಚೂರಲ್ಲಿ ಸಂಕೋಚ, ಇನ್ನೊಂದರಲ್ಲಿ ಬೇಸರ, ಮತ್ತೊಂದರಲ್ಲಿ ತಡೆಯಲಾಗದ ನಗು. ಕಂಪ್ಯೂಟರಿನಲ್ಲಿ ಬಣ್ಣ ಸಮ ಮಾಡಿ, ಅಂಚು ಒರೆಸಿ, ಸುಕ್ಕನ್ನಷ್ಟೇ ಎತ್ತಿ ತೋರಿಸಿದರೆ ನಾವು ಗಾಲ್ಟನ್ ಕಡೆಗೇ ಹೊರಟಂತೆ. ಸಿಗೋದು 'ಹಳ್ಳಿ ಮುದುಕ' ಅನ್ನೋ ಮಾದರಿ, ಆ ತಾತ ಅಲ್ಲ.

ಇದಕ್ಕೊಂದು ಸರಳ ಪರೀಕ್ಷೆ ಇದೆ. ಪ್ರಿಂಟ್ ಹಾಕಿಸಿ, ಗ್ಯಾಲರಿಗಿಂತ ಮೊದಲು ನಂಗಲಿಗೆ ತಗೊಂಡು ಹೋಗಿ. ಮೊಮ್ಮಗಳು ನೋಡಿ 'ನಮ್ಮ ತಾತ' ಅಂದರೆ, ಎಷ್ಟೇ ಅಮೂರ್ತವಾಗಿದ್ದರೂ ಅದು ಭಾವಚಿತ್ರ. ಅನ್ನದಿದ್ದರೆ ಅದೊಂದು ಒಳ್ಳೆ ಡಿಸೈನು ಅಷ್ಟೇ. ಅದಕ್ಕೆ ಯಾರ ಮುಖವೂ ಬೇಕಿರಲಿಲ್ಲ.