ಮದ್ದಳೆಯ ಎಡಮೈ

ಒಂದು ಕಲೆಗೆ ಜನ ಇಟ್ಟ ಹೆಸರೇ ಆ ಕಲೆಯ ಮೊದಲ ವಿಮರ್ಶೆಯೆನ್ನಬಹುದು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯಲ್ಲಿ ಮಳೆಗಾಲದ ರಾತ್ರಿಗಳನ್ನು ಬೆಳಗು ಮಾಡುವ ಕಲೆಯೆಂದರೆ ತಾಳಮದ್ದಳೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ. ಅರ್ಥಧಾರಿಗಳು ಆ ಪದ್ಯದ ಎಳೆ ಹಿಡಿದು ಮಾತು ಬೆಳೆಸುತ್ತಾರೆ. ಜನ ಬಂದು ಕೂಡುವುದು ಮಾತಿಗಾಗಿ. ಮರುದಿನ ಅಡಕೆ ಸುಲಿಯುತ್ತ ಚರ್ಚಿಸುವುದೂ ಕೃಷ್ಣನ ಮಾತು ಮೇಲಾಯಿತೋ ಕೌರವನದೋ ಎಂಬುದನ್ನೇ. ಹೀಗಿದ್ದೂ ನಮ್ಮ ಹಿರಿಯರು ಈ ಕಲೆಗೆ ಮಾತಿನ ಹೆಸರನ್ನಿಡಲಿಲ್ಲ, ಹಾಡಿನ ಹೆಸರನ್ನೂ ಇಡಲಿಲ್ಲ. ಎರಡು ವಾದ್ಯಗಳ ಹೆಸರನ್ನು ಜೋಡಿಸಿ ಅದನ್ನೇ ಕಲೆಯ ಹೆಸರಾಗಿ ಕರೆದರು. ಬಳ್ಳಾರಿ ಸೀಮೆಯ ಕುರುಗೋಡಿನಲ್ಲಿ ದೊರೆತ 1556ರ ಶಾಸನವೊಂದರಲ್ಲಿ ತಾಳಮದ್ದಳೆಯವರಿಗೆ ಭೂಮಿ ಬಿಟ್ಟ ಸಂಗತಿಯಿದೆ. ಎಂದ ಮೇಲೆ ಈ ಹೆಸರು ನಾಲ್ಕೂವರೆ ಶತಮಾನಗಳಿಗಿಂತಲೂ ಹಳೆಯದು.

ಹೆಸರಿನಲ್ಲಿ ದೊರೆತ ಈ ಮರ್ಯಾದೆ ವ್ಯವಹಾರದಲ್ಲಿ ಉಳಿದುಬಂದಿಲ್ಲ. ಯಾವುದೇ ಕೂಟದ ಕರಪತ್ರವನ್ನು ನೋಡಿರಿ. ಅರ್ಥಧಾರಿಗಳ ಹೆಸರು ದಪ್ಪ ಅಕ್ಷರಗಳಲ್ಲಿ, ಬಿರುದುಗಳೊಡನೆ. ಭಾಗವತರ ಹೆಸರು ಅದಕ್ಕೆ ಸರಿದೊರೆಯಾಗಿ. ಮದ್ದಳೆಯವರ ಹೆಸರು ಎಲ್ಲಕ್ಕೂ ಕೆಳಗೆ. ಇನ್ನು ಪತ್ರಿಕೆಯ ವರದಿಯಲ್ಲಿ ಕೊನೆಗೊಂದು ವಾಕ್ಯ: ‘ಮದ್ದಳೆಯಲ್ಲಿ ಇಂಥವರು ಸಹಕರಿಸಿದರು.’ ಸಹಕರಿಸಿದರು! ಈ ಒಂದು ಕ್ರಿಯಾಪದದಲ್ಲಿ ನಮ್ಮ ವಿಮರ್ಶೆಯ ಬಡತನವೆಲ್ಲ ಅಡಗಿದೆ. ಯಾರಿಗೆ ಸಹಕರಿಸಿದರು, ಯಾವ ಪದ್ಯದಲ್ಲಿ, ಹೇಗೆ ಎಂದು ಕೇಳಿದರೆ ಬರೆದವರಲ್ಲಿ ಉತ್ತರವಿಲ್ಲ. ಮದ್ದಳೆಗಾರನು ಹಾಡುಗಾರನಿಗೆ ಒದಗುವ ಕೈಯಾಳಲ್ಲ. ಹಾಡುಗಾರನಿಂದಲೂ ಪಾತ್ರಧಾರಿಯಿಂದಲೂ, ಅವರಿಗೇ ಅರಿವಾಗದಂತೆ, ಅವರ ಶಕ್ತಿಗೆ ಮೀರಿದ ಕೆಲಸವನ್ನು ಮಾಡಿಸುವವನು. ಈ ಮಾತನ್ನು ತುಸು ವಿವರವಾಗಿ ಪರಿಶೀಲಿಸುವುದು ಇಲ್ಲಿಯ ಉದ್ದೇಶ.

ಮದ್ದಳೆಗೆ ಎರಡು ಮುಖ. ಬಲಮುಚ್ಚಿಗೆಯ ನಡುವೆ ಕಪ್ಪಾದ ಕರಣೆ. ಅದನ್ನು ಭಾಗವತರ ಶ್ರುತಿಗೆ ಕೂಡಿಸಿರುತ್ತಾರೆ. ಎಡಮುಚ್ಚಿಗೆಯ ನಾದ ತಗ್ಗಿನದು. ಕೇಳುಗರ ಕಿವಿ ಸಾಮಾನ್ಯವಾಗಿ ಬಲಗೈಯನ್ನೇ ಹಿಂಬಾಲಿಸುತ್ತದೆ. ಏಕೆಂದರೆ ನುಡಿತದ ಅಕ್ಷರಗಳೆಲ್ಲ ಅಲ್ಲಿ ಸ್ಫುಟವಾಗಿ ಕೇಳಿಸುತ್ತವೆ. ಆದರೆ ಆ ಅಕ್ಷರಗಳಿಗೆ ಉಸಿರು ಕೊಡುವುದು ಎಡಗೈ. ಅಂಗೈಯ ಬುಡವನ್ನು ಚರ್ಮದ ಮೇಲೆ ಒತ್ತಿ ಜಾರಿಸಿದಾಗ ಏಳುವ ಗುಮ್ಕಿಯ ದನಿಯಿದೆಯಲ್ಲ, ಅದು ಶ್ರುತಿಗೂ ಲಯಕ್ಕೂ ನಡುವೆ ನಿಂತ ದನಿ. ಅದು ಹೊಡೆತವೂ ಹೌದು, ಸ್ವರವೂ ಹೌದು. ಭಾಗವತರು ಪದ್ಯದ ನಡುವೆ ಉಸಿರು ತೆಗೆದುಕೊಳ್ಳುವ ಕ್ಷಣವನ್ನು ಈ ದನಿ ತುಂಬಿ ಹಿಡಿಯುತ್ತದೆ. ಮುಂದಿನ ಸಾಲಿಗೆ ಅವರ ಕಂಠ ಎಲ್ಲಿ ಕಾಲೂರಬೇಕೆಂಬುದನ್ನು ಮೊದಲೇ ತೋರಿಸಿಕೊಡುತ್ತದೆ. ಹಾಡುವವನ ಧೈರ್ಯದ ಮುಕ್ಕಾಲು ಪಾಲು ಇಲ್ಲಿಂದ ಬರುವುದು.

ಛಂದಸ್ಸನ್ನು ಪಾಠ ಹೇಳುವವರೆಲ್ಲರಿಗೂ ಒಂದು ಕಷ್ಟ ತಿಳಿದಿದೆ. ಕರಿಹಲಗೆಯ ಮೇಲೆ ಗುರುಲಘುಗಳ ಗೆರೆ ಎಳೆದು ಗಣ ವಿಭಾಗಿಸಿದರೆ ಲೆಕ್ಕ ಬರುತ್ತದೆ, ನಡೆ ಬರುವುದಿಲ್ಲ. ನಡೆಯೆಂಬುದು ಅಕ್ಷರಗಳ ಕೆಳಗೆ ಹರಿಯುವ ವಸ್ತು. ಸೋಂದೆಯಲ್ಲಿ ಈ ಮಾತನ್ನು ಹೇಳುವುದಕ್ಕೆ ವಿಶೇಷವಾದ ಔಚಿತ್ಯವಿದೆ. ವಾದಿರಾಜರ ವೃಂದಾವನವಿರುವುದು ಅಲ್ಲಿ. ಹಯವದನನ ಅಂಕಿತದಲ್ಲಿ ಕನ್ನಡ ಪದಗಳನ್ನು ರಚಿಸಿದ ಆ ಯತಿಗಳು ಸಂಸ್ಕೃತದಲ್ಲಿ ದಶಾವತಾರ ಸ್ತುತಿಯನ್ನು ರಚಿಸಿದಾಗ ಆರಿಸಿಕೊಂಡದ್ದು ಅಶ್ವಧಾಟಿಯನ್ನು, ಎಂದರೆ ಕುದುರೆಯ ಓಟದ ನಡೆಯನ್ನು. ಆ ಸ್ತುತಿಯನ್ನು ಬಾಯಲ್ಲಿ ಹೇಳಿ ನೋಡಿದವರಿಗೆ ಗೊತ್ತು: ಅರ್ಥ ತಿಳಿಯುವ ಮೊದಲೇ ಗೊರಸಿನ ಸಪ್ಪಳ ಕಿವಿ ತುಂಬುತ್ತದೆ. ಅರ್ಥಕ್ಕೆ ಮುಂಚೆ ನಡೆ ಬಂದು ಮನಸ್ಸನ್ನು ಹದಗೊಳಿಸಬೇಕು ಎಂಬ ತತ್ತ್ವವನ್ನು ವಾದಿರಾಜರು ಅಕ್ಷರಗಳಲ್ಲಿ ಸಾಧಿಸಿದರು. ತಾಳಮದ್ದಳೆಯಲ್ಲಿ ಅದನ್ನು ಸಾಧಿಸುವುದು ಮದ್ದಳೆ. ಅದೇ ಸೋಂದೆಯ ಸ್ವರ್ಣವಲ್ಲೀ ಮಠದ ಆಶ್ರಯದಲ್ಲಿ ಯಕ್ಷಶಾಲ್ಮಲಾ ಸಂಸ್ಥೆ ತಾಳಮದ್ದಳೆಯ ಕೂಟಗಳನ್ನು ನಡೆಸಿಕೊಂಡು ಬಂದಿರುವುದರಿಂದ, ಈ ವಿಚಾರವನ್ನು ಒರೆಗೆ ಹಚ್ಚಿ ನೋಡುವ ಅವಕಾಶವೂ ಅಲ್ಲಿಯ ರಸಿಕರಿಗಿದೆ.

ತಗ್ಗುದನಿಯ ವಾದಕನಿಗೆ ಮನ್ನಣೆ ತಡವಾಗಿ ಬರುವುದು ನಮ್ಮಲ್ಲಿ ಮಾತ್ರವಲ್ಲ. ಪಶ್ಚಿಮದ ಸಂಗೀತದಲ್ಲಿ ಈ ಕೆಲಸ ಬೇಸ್ ಎಂಬ ತಂತಿವಾದ್ಯದ್ದು. ಚರ್ಮವಾದ್ಯಕ್ಕೂ ತಂತಿವಾದ್ಯಕ್ಕೂ ಭೇದ ಬಹಳವಿದ್ದರೂ, ಶ್ರುತಿ ಲಯಗಳೆರಡನ್ನೂ ಕೆಳಗಿನಿಂದ ಹೊತ್ತು ನಿಲ್ಲುವ ಹೊಣೆ ಒಂದೇ. ಜಿಮ್ಮಿ ಬ್ಲಾಂಟನ್ ಎಂಬ ತರುಣ 1939ರಲ್ಲಿ ಡ್ಯೂಕ್ ಎಲಿಂಗ್ಟನ್‌ನ ವಾದ್ಯಮೇಳವನ್ನು ಸೇರಿ, ಕೇವಲ ಎರಡು ವರ್ಷ ಅಲ್ಲಿದ್ದು, 1942ರಲ್ಲಿ ತನ್ನ 23ನೆಯ ವಯಸ್ಸಿನಲ್ಲಿ ಕ್ಷಯದಿಂದ ತೀರಿಕೊಂಡ. ಅಷ್ಟರಲ್ಲೇ ಅವನ ಹಿಂದೆ ಬಂದ ಬೇಸ್ ವಾದಕರೆಲ್ಲರ ಕೈಯನ್ನು ಬದಲಿಸಿಬಿಟ್ಟಿದ್ದ. ಡೆಟ್ರಾಯಿಟ್ ನಗರದ ಮೋಟೌನ್ ಕಂಪನಿಯ ಹಾಡುಗಳು 1960ರ ದಶಕದಲ್ಲಿ ಲೋಕವನ್ನೆಲ್ಲ ಕುಣಿಸಿದವು. ಅವುಗಳಲ್ಲಿ ಅನೇಕಕ್ಕೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್‌ನ ಹೆಸರು ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಅಚ್ಚಾದುದು 1971ರಲ್ಲಿ, ಮಾರ್ವಿನ್ ಗೇಯ ಸಂಕಲನವೊಂದರಲ್ಲಿ. ಜನಕ್ಕೆ ಆ ಹೆಸರು ತಿಳಿಯದಿದ್ದ ಕಾಲದಲ್ಲೂ ಸಂಗೀತಗಾರರು ಆ ಕೈಯನ್ನು ಗುರುತಿಸಿದ್ದರು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ತನಗೆ ಪ್ರೇರಣೆಯಾದವರಲ್ಲಿ ಅವನನ್ನು ಎಣಿಸಿದ್ದಾನೆ. ಕೇಳುಗರಿಗಿಂತ ಮೊದಲು ಕಲಾವಿದರಿಗೆ ಪ್ರಿಯನಾಗುವುದು ಈ ಜಾತಿಯ ವಾದಕನ ಭಾಗ್ಯವೂ ಹೌದು, ದುರ್ದೈವವೂ ಹೌದು.

ನಮ್ಮ ಬಡಗುತಿಟ್ಟಿನಲ್ಲಿ ಇಂಥ ಭಾಗ್ಯವನ್ನು ಪಡೆದ ಮೂವರನ್ನು ಇಲ್ಲಿ ಸ್ಮರಿಸಬಹುದು. ಅವರ ಗುಣಗಳು ಬೇರೆ ಬೇರೆ.

ಮೊದಲನೆಯವರು ಶ್ರೀ ಹಿರಿಯಡಕ ಗೋಪಾಲರಾಯರು. 1919ರಲ್ಲಿ ಹುಟ್ಟಿ 2020ರಲ್ಲಿ ತೀರಿಕೊಂಡ ಈ ಶತಾಯುಷಿಗಳು ಏರುಮದ್ದಳೆಯ ಕ್ರಮಕ್ಕೆ ಹೆಸರಾದವರು. ಭಾಗವತಿಕೆ ಏರುಶ್ರುತಿಗೆ ಹೋದಾಗ ಮದ್ದಳೆಯೂ ಏರಬೇಕಾಯಿತು. ಏರಿದರೆ ನಾದ ಸಣ್ಣಗಾಗುವ ಭಯ. ಶ್ರುತಿಯನ್ನು ಏರಿಸಿಯೂ ನಾದದ ತೂಕವನ್ನು ಬಿಡದಿರುವುದೇ ಅವರ ಸಾಧನೆ. ಅವರ ನುಡಿತದಲ್ಲಿ ಪೆಟ್ಟು ಬಿದ್ದ ಮೇಲೆ ನಾದಕ್ಕೆ ಬೆಳೆಯಲು ಜಾಗವಿರುತ್ತದೆ. ಒಂದರ ಮೈಮೇಲೆ ಒಂದು ಬಿದ್ದು ಅಕ್ಷರಗಳು ಕೆಸರಾಗುವುದಿಲ್ಲ. ಮದ್ದಳೆಯನ್ನು ಸ್ವತಂತ್ರವಾಗಿ ಕೂತು ಕೇಳಬಹುದಾದ ವಾದ್ಯವೆಂದು ಇತರ ಕಲಾವಿದರಿಗೂ ಮನಗಾಣಿಸಿದ ಹಿರಿಮೆ ಅವರದು.

ಎರಡನೆಯವರು ಶ್ರೀ ದುರ್ಗಪ್ಪ ಗುಡಿಗಾರರು. 1990ರಲ್ಲಿ, ಇನ್ನೂ ಹರೆಯದಲ್ಲೇ, ಅಪಘಾತಕ್ಕೆ ತುತ್ತಾದ ಭಾಗವತ ಜಿ. ಆರ್. ಕಾಳಿಂಗ ನಾವಡರ ಕಂಠವನ್ನು ಕೊಂಡಾಡದವರಿಲ್ಲ. ಅವರ ಧ್ವನಿಸುರುಳಿಗಳು ಇಂದಿಗೂ ಮನೆಮನೆಗಳಲ್ಲಿ ಸುತ್ತುತ್ತಿವೆ. ಆ ಧ್ವನಿಮುದ್ರಿಕೆಗಳಲ್ಲಿ ಗುಡಿಗಾರರ ಮದ್ದಳೆಯಿರುವ ಪದ್ಯಗಳನ್ನು, ನಾವಡರನ್ನು ಮರೆತು, ಎಡಗೈಗೆ ಮಾತ್ರ ಕಿವಿಗೊಟ್ಟು ಒಮ್ಮೆ ಕೇಳಬೇಕು. ಕಂಠ ಮೇಲಕ್ಕೆ ಏರಿದಾಗ ಮದ್ದಳೆ ಅದರ ಬೆನ್ನು ಹತ್ತಿ ಏರುವುದಿಲ್ಲ. ಕೆಳಗೆ ತುಂಬಿ ನಿಲ್ಲುತ್ತದೆ. ಕಂಠ ತಾಳದ ಕಟ್ಟನ್ನು ಸಡಿಲಿಸಿ ಆಟವಾಡಿದಾಗ ಮದ್ದಳೆ ಆಟಕ್ಕೆ ಇಳಿಯದೆ ಅಂಗಳವನ್ನು ಕಾಯುತ್ತದೆ. ಮುಂದೆ ನಾವಡರನ್ನು ಅನುಕರಿಸಿದವರು ಅವರ ಏರನ್ನು ಕಲಿತರು. ಆ ಏರಿಗೆ ಆಧಾರವಾಗಿದ್ದ ತಗ್ಗನ್ನು ಯಾರೂ ಕೇಳಿಸಿಕೊಂಡಂತೆ ಕಾಣುವುದಿಲ್ಲ. ಅನುಕರಣೆ ಸಪ್ಪೆಯಾದುದಕ್ಕೆ ಇದೊಂದು ಕಾರಣವೆಂದು ನನ್ನ ಎಣಿಕೆ.

ಮೂರನೆಯವರು ಶ್ರೀ ಕರ್ಕಿ ಪ್ರಭಾಕರ ಭಂಡಾರಿಯವರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದಲ್ಲಿ ದೀರ್ಘಕಾಲ ಭಾಗವತರಾಗಿದ್ದವರು ಶಿರಸಿ ಸೀಮೆಯ ನೆಬ್ಬೂರು ನಾರಾಯಣ ಭಾಗವತರು. 2019ರಲ್ಲಿ ಅವರು ತೀರಿಕೊಂಡಾಗ ಒಂದು ಬಗೆಯ ಗಾನವೇ ಮುಗಿಯಿತೆಂದು ರಸಿಕರು ನೊಂದರು. ಅವರದು ಅಬ್ಬರವಿಲ್ಲದ, ಭಾವವನ್ನು ನಂಬಿದ ಹಾಡಿಕೆ. ಇಂಥ ಹಾಡಿಕೆಗೆ ಮದ್ದಳೆ ನುಡಿಸುವುದು ಎಲ್ಲಕ್ಕಿಂತ ಕಷ್ಟ. ಚಮತ್ಕಾರಕ್ಕೆ ಅಲ್ಲಿ ಎಡೆಯಿಲ್ಲ. ಶೃಂಗಾರ, ಕರುಣ ರಸಗಳ ಪದ್ಯಗಳಲ್ಲಿ ಚಂಡೆ ಸುಮ್ಮನಾಗುತ್ತದೆ. ಕಾಡಿನಲ್ಲಿ ಒಂಟಿಯಾದ ದಮಯಂತಿಯ ಬಳಿ ಉಳಿಯುವುದು ಭಾಗವತರ ಕಂಠ ಮತ್ತು ಮದ್ದಳೆ, ಇವೆರಡೇ. ಅಲ್ಲಿ ಒಂದು ಪೆಟ್ಟು ಹೆಚ್ಚಾದರೆ ಶೋಕ ಒಡೆಯುತ್ತದೆ, ಒಂದು ಕಡಮೆಯಾದರೆ ಜೋಲುತ್ತದೆ. ಭಂಡಾರಿಯವರ ಮದ್ದಳೆಯಲ್ಲಿ ಪ್ರಶಂಸೆಗೆ ಯೋಗ್ಯವಾದುದು ಅವರು ನುಡಿಸಿದ್ದರಷ್ಟೇ ನುಡಿಸದೆ ಬಿಟ್ಟದ್ದು.

ಮೇಳದವರ ಮಾತಿನಲ್ಲಿ ಭಾಗವತನೇ ಮೊದಲನೆಯ ವೇಷ. ಹಾಗಾದರೆ ಮದ್ದಳೆಗಾರನನ್ನು ಎರಡನೆಯ ವೇಷವೆಂದು ಎಣಿಸಬೇಕು. ಬಣ್ಣ ಹಚ್ಚಿದ ಪಾತ್ರಧಾರಿಯ ಕಾಲು ಅವನ ಎಡಗೈಯನ್ನು ಕೇಳಿ ನೆಲಕ್ಕೆ ಬೀಳುತ್ತದೆ. ತಾಳಮದ್ದಳೆಯಲ್ಲಿ ಅರ್ಥಧಾರಿಯ ಮೊದಲ ವಾಕ್ಯದ ವೇಗವನ್ನು ಪದ್ಯದ ಕೊನೆಯ ಮುಕ್ತಾಯ ನಿರ್ಣಯಿಸುತ್ತದೆ. ವಾಗ್ವಾದ ಬಿರುಸಾದ ಕೂಟಗಳನ್ನು ಗಮನಿಸಿದರೆ, ಆ ಬಿರುಸು ಮಾತಿನಲ್ಲಿ ಹುಟ್ಟುವ ಮೊದಲು ಮದ್ದಳೆಯಲ್ಲಿ ಹುಟ್ಟಿರುವುದು ಕಂಡುಬರುತ್ತದೆ.

ಇಷ್ಟೆಲ್ಲವನ್ನು ಹೇಳುವ ಅವಶ್ಯಕತೆಯಾದರೂ ಏನು? ಒಳ್ಳೆಯ ಪಕ್ಕವಾದ್ಯ ಗಮನಕ್ಕೆ ಬಾರದಂತೆ ಇರಬೇಕಲ್ಲವೆ, ಎಂದು ಕೆಲವರು ಕೇಳಬಹುದು. ರಸಾನುಭವದ ಹೊತ್ತಿನಲ್ಲಿ ಅದು ನಿಜವಿರಬಹುದು. ಆದರೆ ರಸಿಕನು ಮರೆತದ್ದನ್ನು ನೆನಪಿಗೆ ತರುವುದಕ್ಕೇ ವಿಮರ್ಶಕನಿರುವುದು. ಅವನೂ ಮರೆತರೆ ಮರೆತದ್ದು ಉಳಿಯುವುದಿಲ್ಲ. ಮದ್ದಳೆಯ ಎಡಮೈ ಇಂದು ಮೂರು ಕಡೆಯಿಂದ ಸವೆಯುತ್ತಿದೆ. ಶ್ರುತಿ ಏರುತ್ತ ಹೋದಂತೆ ತಗ್ಗುನಾದಕ್ಕೆ ಆಳ ಕಡಮೆಯಾಗುತ್ತಿದೆ. ಏರಿಸಿಯೂ ತೂಕ ಉಳಿಸುವ ಗೋಪಾಲರಾಯರ ಕೈ ಎಲ್ಲರಿಗೂ ಬರುವುದಿಲ್ಲ. ಧ್ವನಿವರ್ಧಕದಲ್ಲಿ ತಗ್ಗುನಾದ ಗುಂಯ್ ಎಂದು ಮಸುಕಾಗುವುದರಿಂದ ಅದನ್ನು ನಿರ್ವಹಿಸುವವನು ಮೊದಲು ಕಡಮೆ ಮಾಡುವುದು ಅದನ್ನೇ. ಬಲಗೈಯ ಚಟಪಟ ಸದ್ದು ಮಾತ್ರ ಸಭೆಗೆ ತಲುಪುತ್ತದೆ. ಮೃದಂಗದ ಮಹಾವಿದ್ವಾಂಸ ಪಾಲ್ಘಾಟ್ ಮಣಿ ಅಯ್ಯರ್ ಅವರು ಧ್ವನಿವರ್ಧಕವನ್ನೇ ವಿರೋಧಿಸಿದ್ದುದು ಹಟದಿಂದಲ್ಲ, ನಾದದ ಮೇಲಿನ ಪ್ರೀತಿಯಿಂದ ಎಂಬುದು ಇಲ್ಲಿ ಅರ್ಥವಾಗುತ್ತದೆ. ಮೂರನೆಯದಾಗಿ, ಕಲಿಯುವ ಹುಡುಗರು ಚಪ್ಪಾಳೆ ಗಿಟ್ಟಿಸುವ ಚಂಡೆಯ ಕಡೆಗೆ ಒಲಿಯುತ್ತಾರೆ. ಚಂಡೆಯನ್ನು ನಾನು ಹಳಿಯುತ್ತಿಲ್ಲ. ವೀರ ರೌದ್ರಗಳಿಗೆ ಅದರಂಥ ವಾದ್ಯ ಮತ್ತೊಂದಿಲ್ಲ. ಆದರೆ ತಳಪಾಯ ಗಟ್ಟಿಯಿಲ್ಲದ ಮನೆಗೆ ಉಪ್ಪರಿಗೆ ಶೋಭೆಯಲ್ಲ. ಯಲ್ಲಾಪುರದ ಶ್ರೀ ಶಂಕರ ಭಾಗವತರಂಥ ಮದ್ದಳೆಗಾರರು ಈ ಸೀಮೆಯಲ್ಲಿ ವಾದ್ಯದ ಘನತೆಯನ್ನು ಕಾಯ್ದಿರುವುದು ಸಮಾಧಾನದ ವಿಷಯ. ಅವರ ಹಿಂದೆ ಬರುವವರಿಗೆ ತಮ್ಮ ಶ್ರಮವನ್ನು ಯಾರೋ ಕೇಳುತ್ತಿದ್ದಾರೆ ಎಂಬ ಭರವಸೆ ಬೇಕು.

ಆ ಭರವಸೆ ಕೊಡುವುದಕ್ಕೆ ದೊಡ್ಡ ನಿಧಿಯೇನೂ ಬೇಡ. ಕೂಟದ ಬಗ್ಗೆ ಬರೆಯುವವರು ‘ಸಹಕರಿಸಿದರು’ ಎಂಬ ಮಾತನ್ನು ಕೈಬಿಟ್ಟು, ಯಾವ ಪದ್ಯದಲ್ಲಿ ಮದ್ದಳೆ ಏನು ಮಾಡಿತು ಎಂದು ಎರಡು ವಾಕ್ಯ ಬರೆದರೆ ಸಾಕು. ಸಂಘಟಕರು ಧ್ವನಿವರ್ಧಕದವನಿಗೆ ಎಡಮುಚ್ಚಿಗೆಯ ದನಿಯನ್ನು ಅಡಗಿಸಬೇಡವೆಂದು ಮೊದಲೇ ಹೇಳಿದರೆ ಸಾಕು. ಕೇಳುಗರಾದರೋ, ಮುಂದಿನ ಮಳೆಗಾಲದ ಕೂಟದಲ್ಲಿ ಅರ್ಥಧಾರಿಗಳ ಎದುರಿಗೆ ಕೂರುವ ಬದಲು ಮದ್ದಳೆಯ ಎಡಬದಿಗೆ ಒಂದಿಷ್ಟು ಹೊತ್ತು ಕೂತು ನೋಡಲಿ. ಎಷ್ಟೋ ವರ್ಷಗಳಿಂದ ಕೇಳಿದ ಪದ್ಯಗಳು ಅಲ್ಲಿ ಬೇರೆಯಾಗಿಯೇ ಕೇಳಿಸುತ್ತವೆ.