ಅತ್ತರಿನಲ್ಲಿ ಶೃಂಗಾರ ಎಷ್ಟು?

ಗುಲಾಬಿ ಅತ್ತರಿನ ಪ್ರೇಮಕಥೆಗೆ ನೂರ್ ಜಹಾನ್ ನಾಯಕಿ. ಮದುವೆಯ ಹೊತ್ತಿಗೆ ಅರಮನೆಯ ಕಾಲುವೆಯಲ್ಲಿ ಪನ್ನೀರು ಹರಿಸಿದರಂತೆ, ಬಿಸಿಲಿಗೆ ಎಣ್ಣೆ ತೇಲಿತಂತೆ. ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡದ್ದೇ ಬೇರೆ. ಕಂಡುಹಿಡಿದವಳು ಅವನ ಅತ್ತೆ ಅಸ್ಮತ್ ಬೇಗಂ. ಬಿಸಿ ಪನ್ನೀರನ್ನು ಪಾತ್ರೆಗಳಿಗೆ ಬಗ್ಗಿಸಿದಾಗ ಮೇಲೆ ಕಟ್ಟಿದ ಜಿಡ್ಡನ್ನು ಆಕೆ ಚೆಲ್ಲದೆ ಚೂರುಚೂರೇ ಕೂಡಿಸಿಟ್ಟಳು. ಅಮ್ಮನ ಜಾಣತನ ಮಗಳ ಶೃಂಗಾರದ ಖಾತೆಗೆ ಜಮೆಯಾಯಿತು.

ಅರೋಮಾಥೆರಪಿಯವರು ಈ ಎಣ್ಣೆಯನ್ನು ಇಂದು ಮಾರುವುದೂ ಹೆಚ್ಚುಕಡಿಮೆ ಹೀಗೆಯೇ. ದಂಪತಿಗಳ ಮಸಾಜು, ಮಲಗುವ ಕೋಣೆಯ ಡಿಫ್ಯೂಸರು, ಸ್ನಾನದ ನೀರು, ಎಲ್ಲಕ್ಕೂ ಗುಲಾಬಿ. ಜೊತೆಗೆ ‘ಕಾಮೋತ್ತೇಜಕ’ ಎಂಬ ಬಿರುದು. ಆಧಾರ ಕೇಳಿದರೆ ಕೈಗೆ ಸಿಗುವುದು ಕಡಿಮೆ. 2009ರಲ್ಲಿ ಪ್ರಕಟವಾದ ಥಾಯ್ಲೆಂಡಿನ ಪ್ರಯೋಗವೊಂದರಲ್ಲಿ, ಪರಿಮಳ ಮೂಗಿಗೆ ಹೋಗದಂತೆ ತಡೆದು, ಚರ್ಮಕ್ಕೆ ಎಣ್ಣೆ ಸವರಿ ನೋಡಿದರು. ಉಸಿರಾಟ ನಿಧಾನವಾಯಿತು, ರಕ್ತದೊತ್ತಡ ಇಳಿಯಿತು. ಅಂದರೆ ಎಣ್ಣೆ ಕೆರಳಿಸಲಿಲ್ಲ, ತಣಿಸಿತು. 2015ರ ಇರಾನಿನ ಅಧ್ಯಯನದಲ್ಲಿ, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದ 60 ಗಂಡಸರ ಪೈಕಿ ಗುಲಾಬಿ ಎಣ್ಣೆ ಪಡೆದವರಿಗೆ ಆ ಮಾತ್ರೆಯಿಂದಾದ ಲೈಂಗಿಕ ತೊಂದರೆ ತಗ್ಗಿತು ನಿಜ. ಆದರೆ ಅವರು ಅದನ್ನು ಮೂಸಿದ್ದಲ್ಲ, ವೈದ್ಯರ ನಿಗಾದಲ್ಲಿ ಕುಡಿದದ್ದು. ಮಲಗುವ ಕೋಣೆಯ ದೀಪಕ್ಕೆ ಆ ಫಲಿತಾಂಶವನ್ನು ಅಂಟಿಸುವುದು ಅತಿಯಾಯಿತು.

ಬೆಲೆಯದ್ದು ಇನ್ನೊಂದು ಕಥೆ.

ಬಲ್ಗೇರಿಯದ ಕಜಾನ್ಲಕ್ ಕಣಿವೆಯಲ್ಲಿ ಮೇ–ಜೂನ್ ತಿಂಗಳ ಬೆಳಗಿನ ಜಾವ, ಬಿಸಿಲೇರುವ ಮೊದಲೇ ಹೂ ಬಿಡಿಸಬೇಕು. ಒಂದು ಕಿಲೋ ಎಣ್ಣೆಗೆ ಮೂರು–ನಾಲ್ಕು ಟನ್ ಹೂವು ಬೇಕು. ಹೀಗಿರುವಾಗ ಇನ್ನೂರು ಮುನ್ನೂರು ರೂಪಾಯಿಯ ಬಾಟಲಿಯಲ್ಲಿ ಇರುವುದಾದರೂ ಏನು? ಸಾಮಾನ್ಯವಾಗಿ ಜೆರೇನಿಯಂ, ಪಾಮರೋಸಾ ಹುಲ್ಲಿನ ಎಣ್ಣೆ, ಇಲ್ಲವೇ ಕೃತಕ ಸುವಾಸನೆ. ಈ ಕಲಬೆರಕೆ ಹಳೆಯದು: ಮುಂಬಯಿಯಿಂದ ಹಡಗೇರಿದ ನಮ್ಮ ಹುಲ್ಲಿನೆಣ್ಣೆ ತುರ್ಕಿಯಲ್ಲಿ ಗುಲಾಬಿಯೊಳಗೆ ಸೇರಿಕೊಳ್ಳುತ್ತಿತ್ತು. ಅಸಲಿ ಬಟ್ಟಿ ಎಣ್ಣೆಯನ್ನು ಫ್ರಿಜ್ಜಿನಲ್ಲಿಟ್ಟರೆ ಒಳಗೆ ಹರಳು ಕಟ್ಟುತ್ತದೆ. ಬಾಟಲಿಯನ್ನು ಮುಷ್ಟಿಯಲ್ಲಿ ಹಿಡಿದರೆ ಆ ಬಿಸಿಗೇ ಮೆಲ್ಲಗೆ ಕರಗುತ್ತದೆ. ಪಳಗಿದ ಕಲಬೆರಕೆದಾರರು ಇದನ್ನೂ ನಟಿಸಬಲ್ಲರು, ಅದು ಬೇರೆ ಮಾತು.

ಇನ್ನೂ ಸ್ವಾರಸ್ಯದ ಸಂಗತಿಯೊಂದಿದೆ. ತಾಜಾ ಹೂವಿನ ಆ ಮೃದು ಕಂಪಿಗೆ ಬಹುಪಾಲು ಕಾರಣ ಫಿನೈಲ್ ಇಥೈಲ್ ಆಲ್ಕೊಹಾಲ್. ಬಟ್ಟಿ ಇಳಿಸುವಾಗ ಅದು ಎಣ್ಣೆಗೆ ಅಷ್ಟಾಗಿ ಬಾರದೆ ನೀರಿನಲ್ಲೇ ಕರಗಿ ಉಳಿಯುತ್ತದೆ. ಹಾಗಾಗಿ ದುಬಾರಿ ಎಣ್ಣೆಯ ವಾಸನೆಯಲ್ಲಿ ಜೇನು, ಮಸಾಲೆ, ಸ್ವಲ್ಪ ಲೋಹದ ಛಾಯೆ ಇದ್ದರೆ, ಗಿಡದ ಮೇಲಿನ ಗುಲಾಬಿಗೆ ಹೆಚ್ಚು ಹತ್ತಿರವಿರುವುದು ಮದುವೆ ಮನೆಯ ಬಾಗಿಲಲ್ಲಿ ಬೆಳ್ಳಿ ಪನ್ನೀರುದಾನಿಯಿಂದ ನೆತ್ತಿಗೆ ಚಿಮ್ಮುವ ನೀರು.

ಹಾಗೆಂದು ಮಸಾಜಿಗೆ ಗುಲಾಬಿ ಎಣ್ಣೆ ಬೇಡವೆಂದಲ್ಲ. ದಣಿದು ಬಂದ ಇಬ್ಬರಿಗೆ ಬೆಚ್ಚನೆಯ ಕೈ, 30 ಮಿಲಿ ಎಳ್ಳೆಣ್ಣೆ, ಅದರಲ್ಲಿ ಆರು ಹನಿ ಗುಲಾಬಿ ಇದ್ದರೆ ಹಿತವೇ. ಕೆಲಸದ ಮುಕ್ಕಾಲು ಪಾಲು ಕೈಯದ್ದು, ಬಿಲ್ಲು ಮಾತ್ರ ಪೂರ್ತಿ ಗುಲಾಬಿಯ ಹೆಸರಿಗೆ.