ಹಗೆಯ ಕೇಡು ಮತ್ತು ರನ್ನನ ದುರ್ಯೋಧನ

ಪರರ ಕೇಡನ್ನು ಕಂಡು ಹಿಗ್ಗುವುದು ಮನುಷ್ಯಸ್ವಭಾವದಲ್ಲಿ ಆಳವಾಗಿ ಬೇರೂರಿದ ದೋಷ. ಮಗನು ಸತ್ತರೂ ಚಿಂತೆಯಿಲ್ಲ, ಸೊಸೆಯು ವಿಧವೆಯಾದರೆ ಸಾಕೆಂಬ ಅತ್ತೆಯ ಗಾದೆಯನ್ನು ವಾಚಕರು ಬಲ್ಲರು. ಈ ಮತ್ಸರವು ಎರಡು ಪಕ್ಷಗಳ ನಡುವೆ ಹಬ್ಬಿದಾಗ ಅದಕ್ಕೆ ಅಭಿಮಾನವೆಂಬ ಹೆಸರು ದೊರೆತು, ನಾಚಿಕೆಯು ತೊಲಗುತ್ತದೆ. ರನ್ನನ ಗದಾಯುದ್ಧವನ್ನು ಈ ದೃಷ್ಟಿಯಿಂದ ಓದಿನೋಡಬೇಕು.

ಹತ್ತನೆಯ ಶತಮಾನದ ಕಡೆಯ ಭಾಗದ ಈ ಕಾವ್ಯಕ್ಕೆ ಭೀಮನೇ ನಾಯಕ. ಕವಿಯು ಚಾಳುಕ್ಯ ಸತ್ಯಾಶ್ರಯನನ್ನೇ ಆತನಲ್ಲಿ ಕಂಡಿದ್ದಾನೆ. ಆದುದರಿಂದ ಕೌರವನ ಪತನವು ಆ ಆಸ್ಥಾನದ ಕೇಳುಗರಿಗೆ ಹರ್ಷದ ವಿಷಯವಾಗಿದ್ದಿರಬೇಕು. ಆದರೆ ರನ್ನನು ಆ ಹರ್ಷವನ್ನು ಅಗ್ಗವಾಗಿ ಕೊಡುವುದಿಲ್ಲ. ಸಂಜಯನೊಡನೆ ರಣರಂಗದಲ್ಲಿ ನಡೆಯುವ ದುರ್ಯೋಧನನು ಅಭಿಮನ್ಯುವಿನ ಶವವನ್ನು ಕಾಣುತ್ತಾನೆ. ತನ್ನ ಮಗ ಲಕ್ಷ್ಮಣನನ್ನು ಕೊಂದವನು ಇವನೇ. ಹಿಗ್ಗಲು ಕಾರಣವಿದ್ದಿತು. ಆತನಾದರೋ ಕೈಮುಗಿದು, ಆ ಬಾಲಕನ ಶೌರ್ಯವನ್ನು ಕೊಂಡಾಡಿ, ಅಂತಹ ಮರಣವು ತನಗೂ ಬರಲೆಂದು ಬೇಡುತ್ತಾನೆ. ಗೆದ್ದ ಭೀಮನು ತೊಡೆ ಮುರಿದು ಬಿದ್ದವನ ಕಿರೀಟವನ್ನು ಒದೆಯುತ್ತಾನೆ.

ದುರ್ಯೋಧನನು ಸಜ್ಜನನೆಂದಲ್ಲ, ದ್ರೌಪದಿಯ ಮಾನಭಂಗದಲ್ಲಿ ನಲಿದವನೂ ಅವನೇ. ಅಂದು ಅವನು ಕಂಡದ್ದು ಪಾಂಡವರೆಂಬ ಪಕ್ಷವನ್ನು. ತನ್ನವರನ್ನೆಲ್ಲ ಕಳೆದುಕೊಂಡ ಮೇಲೆ ಕಂಡದ್ದು ಒಬ್ಬ ಹುಡುಗನ ಮುಖವನ್ನು. ಭೀಮನು ಮುಖದೆದುರಿಗೇ ನಿಂತಿದ್ದರೂ ಹಳೆಯ ಅವಮಾನವನ್ನಲ್ಲದೆ ಬೇರೇನನ್ನೂ ಕಾಣನು.

ಇದು ಹಳೆಗಾಲದ ಮಾತೆಂದು ಸುಮ್ಮನಿರುವಂತಿಲ್ಲ. 2016ರ ಸೆಪ್ಟೆಂಬರ್ 12ರಂದು, ಕಾವೇರಿ ನೀರಿನ ವಿವಾದವು ಕೆರಳಿದಾಗ, ಪಶ್ಚಿಮ ಬೆಂಗಳೂರಿನ ನಾಯಂಡಹಳ್ಳಿಯ ಬಳಿ ತಮಿಳುನಾಡಿನ ಬಸ್ಸುಗಳು ಸಾಲುಸಾಲಾಗಿ ಸುಟ್ಟುಹೋದವು. ರಾಜಾಜಿನಗರ, ವಿಜಯನಗರ, ಕೆಂಗೇರಿ ಮೊದಲಾದ 16 ಪೊಲೀಸು ಠಾಣೆಗಳ ಎಲ್ಲೆಯಲ್ಲಿ ಕರ್ಫ್ಯೂ ವಿಧಿಸಲಾಯಿತು. ಮಾಳಿಗೆಯ ಮೇಲೆ ನಿಂತು ಆ ಹೊಗೆಯನ್ನು ನೋಡುತ್ತಿದ್ದ ನನ್ನಲ್ಲಿ, ಅಯ್ಯೋ ಎನ್ನುವುದಕ್ಕೆ ಮೊದಲು, 'ಅವರಿಗೂ ತಿಳಿಯಲಿ' ಎಂಬ ಭಾವವು ಸುಳಿದುದನ್ನು ಮರೆಮಾಚಲಾರೆ. ಅದೇ ದಿನ ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ತರುಣನೊಬ್ಬನು ಬಲಿಯಾದನು. ನದಿಗೆ ಒಂದು ಹನಿಯೂ ಹೆಚ್ಚಾಗಲಿಲ್ಲ. ಗಾದೆಯ ಅತ್ತೆಯಂತೆ ನಾವು ಕಳೆದುಕೊಂಡದ್ದು ನಮ್ಮ ಮಗನನ್ನೇ.

ಹಗೆಯ ಸೋಲನ್ನು ಹಾಡುವ ಕವಿಗಳು ಅನೇಕರು. ಸೋತವನ ಜೊತೆಯಲ್ಲಿ ನಮ್ಮನ್ನು ರಣರಂಗದಲ್ಲಿ ನಡೆಯಿಸಿದವನು ರನ್ನ. ಆ ನಡಿಗೆಯನ್ನು ಮುಗಿಸಿದವನು ಭೀಮನ ಒದೆತಕ್ಕೆ ಮನಸಾರ ಭಲೆ ಎನ್ನಲಾರನು. ಈ ಕಾವ್ಯವು ನಮಗೆ ಮಾಡುವ ಉಪಕಾರವು ಅದೇ.